ತರಬೇತಿಗೆ ಬಂದ ಹುಡುಗ ಕಂಡದ್ದೇನು? ಸಣ್ಣ ಉದ್ಯಮಗಳ ಆಡಳಿತಕ್ಕೊಂದು ಕನ್ನಡಿ

ಪದವಿ, ಪಾಲಿಟೆಕ್ನಿಕ್ ಹಾಗೂ ಐಟಿಐ ವಿದ್ಯಾರ್ಥಿಗಳು ವ್ಯಾಸಂಗದ ಅಂಗವಾಗಿ ಕೆಲವು ವಾರ ಅಥವಾ ತಿಂಗಳುಗಳ ಕಾಲ ಉದ್ಯಮವೊಂದರಲ್ಲಿ ತರಬೇತಿ ಪಡೆಯುವ ಪದ್ಧತಿ ಈಗ ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿ, ತೆಂಗಿನ ನಾರಿನ ಘಟಕ, ಬೇಲೂರಿನ ಕಾಫಿ ವ್ಯಾಪಾರಿಯ ಕಚೇರಿ, ಹಳೇಬೀಡಿನ ಹೋಟೆಲು, ಇವುಗಳ ಬಾಗಿಲಿಗೂ ಕಾಲೇಜಿನ ಪತ್ರ ಹಿಡಿದ ಹುಡುಗ ಹುಡುಗಿಯರು ಬರುತ್ತಾರೆ. ಅವರನ್ನು ಸೇರಿಸಿಕೊಳ್ಳುವಾಗ ಬಹುಪಾಲು ವ್ಯಾಪಾರಸ್ಥರ ಮನಸ್ಸಿನಲ್ಲಿರುವುದು ಎರಡೇ ಭಾವನೆಗಳು. ಒಂದು, ‘ಕಾಲೇಜಿನವರು ಕೇಳಿದ್ದಾರೆ, ಇಲ್ಲವೆನ್ನಲಾಗದು’ ಎಂಬ ದಾಕ್ಷಿಣ್ಯ. ಇನ್ನೊಂದು, ‘ಸಂಬಳವಿಲ್ಲದೆ ಒಂದು ಆಳು ಸಿಕ್ಕಿತು’ ಎಂಬ ಲೆಕ್ಕಾಚಾರ.

ಈ ಎರಡನ್ನೂ ಮೀರಿದ ಪ್ರಯೋಜನವೊಂದಿದೆ. ಹೊಸದಾಗಿ ಬಂದವನಿಗೆ ಕೆಲಸ ಕಲಿಸಬೇಕಾದರೆ ಆ ಕೆಲಸವನ್ನು ಯಾರು, ಯಾವಾಗ, ಹೇಗೆ ಮಾಡುತ್ತಾರೆ ಎಂಬುದು ಸಂಸ್ಥೆಗೆ ಮೊದಲು ತಿಳಿದಿರಬೇಕು. ತಿಳಿದಿಲ್ಲವಾದರೆ ಆ ಕೊರತೆ ಮೊದಲ ವಾರದಲ್ಲಿಯೇ ಅವನ ಕಣ್ಣಿಗೆ ಬೀಳುತ್ತದೆ. ವರ್ಷಾನುಗಟ್ಟಲೆ ಅದೇ ಕುರ್ಚಿಯಲ್ಲಿ ಕುಳಿತ ಮಾಲೀಕರಿಗೆ ಕಾಣದ ದೋಷ ಅವನಿಗೆ ಕಾಣುತ್ತದೆ. ತರಬೇತಿ ನೀಡಲು ಯೋಗ್ಯವಾದ ಸಂಸ್ಥೆಯೇ ಸುವ್ಯವಸ್ಥಿತ ಸಂಸ್ಥೆ ಎಂಬುದು ಈ ಲೇಖನದ ಪ್ರತಿಪಾದನೆ.

ನಾಲ್ಕು ತಿಂಗಳ ಅನುಭವ

ಈ ಮಾತಿಗೆ ಸ್ವಂತ ಅನುಭವದ ಆಧಾರವಿದೆ. 2013ರಲ್ಲಿ ಬಿ.ಕಾಂ. ಪರೀಕ್ಷೆ ಮುಗಿಸಿದ ನಂತರ ಅರಸೀಕೆರೆ ಸಮೀಪದ ಕೊಬ್ಬರಿ ಪುಡಿ ತಯಾರಿಕಾ ಘಟಕವೊಂದರಲ್ಲಿ ನಾಲ್ಕು ತಿಂಗಳು ತರಬೇತಿಗಿದ್ದೆ. ಘಟಕದ ಹೆಸರು ಇಲ್ಲಿ ಅಪ್ರಸ್ತುತ. ಅದು ಮೂವರು ಸಹೋದರರ ಪಾಲುದಾರಿಕೆಯ ಸಂಸ್ಥೆ. ಸರಕಿಗೆ ಬೇಡಿಕೆ ಇತ್ತು, ಯಂತ್ರಗಳು ಸುಸ್ಥಿತಿಯಲ್ಲಿದ್ದವು, ನಲವತ್ತರಷ್ಟು ಕೆಲಸಗಾರರಿದ್ದರು. ಮೂವರೂ ಬೆಳಗಿನಿಂದ ಸಂಜೆಯವರೆಗೆ ದುಡಿಯುವವರೇ, ಸ್ವಭಾವದಲ್ಲಿಯೂ ಒಳ್ಳೆಯವರೇ. ಅಲ್ಲಿ ಇಲ್ಲದಿದ್ದುದು ಆಡಳಿತ ಮಾತ್ರ.

ಸೇರುವಾಗ ಯಾವ ಪತ್ರವೂ ಸಿಗಲಿಲ್ಲ. ತಿಂಗಳಿಗೆ 3,000 ರೂ. ಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಲಾಯಿತು. ದೊಡ್ಡ ಯಜಮಾನರು ‘ಲೆಕ್ಕ ಬರೆಯಲು ಕುಳಿತುಕೊ’ ಎಂದರೆ, ನಡುವಿನವರು ‘ಗೋದಾಮಿಗೆ ಹೋಗಿ ಮೂಟೆ ಎಣಿಸು’ ಎನ್ನುತ್ತಿದ್ದರು. ಅಷ್ಟರಲ್ಲಿ ಕಿರಿಯವರು ಬ್ಯಾಂಕಿಗೆ ಚೆಕ್ ಕೊಟ್ಟು ಕಳುಹಿಸುತ್ತಿದ್ದರು. ಒಬ್ಬರ ಕೆಲಸ ಅರ್ಧಕ್ಕೆ ನಿಂತದ್ದಕ್ಕೆ ಇನ್ನೊಬ್ಬರಿಂದ ಬೈಗುಳ. ಗೋದಾಮಿನ ಗುಮಾಸ್ತರಾಗಲಿ, ಮೇಸ್ತ್ರಿಯಾಗಲಿ ‘ಇವನಿಗೆ ಕಲಿಸುವ ಹೊಣೆ ನಿಮ್ಮದು’ ಎಂಬ ಮಾತನ್ನು ಯಾರಿಂದಲೂ ಕೇಳಿರಲಿಲ್ಲ. ಆದ್ದರಿಂದ ಅವರು ನನ್ನನ್ನು ಯಜಮಾನರ ಕಡೆಯ ಹುಡುಗನೆಂದು ಭಾವಿಸಿ ದೂರವಿಟ್ಟರು. ಯಜಮಾನರು ಅವರೇ ಕಲಿಸುತ್ತಿದ್ದಾರೆಂದು ಭಾವಿಸಿ ನಿಶ್ಚಿಂತರಾಗಿದ್ದರು.

ಮನೆಗೆ ತಂದ ಅಕ್ಕಿ, ಕಾರಿನ ಡೀಸೆಲ್, ಮಕ್ಕಳ ಶಾಲಾ ಶುಲ್ಕ, ಲಾರಿ ಬಾಡಿಗೆ, ಕೂಲಿ ಬಟವಾಡೆ ಎಲ್ಲವೂ ಒಂದೇ ಗಲ್ಲಾಪೆಟ್ಟಿಗೆಯಿಂದ ಹೋಗುತ್ತಿದ್ದವು. ಮೂವರ ಕೈಗೂ ಪೆಟ್ಟಿಗೆಯ ಬೀಗದ ಕೈ ಇತ್ತು. ತಿಂಗಳ ಕೊನೆಗೆ ನಗದು ಪುಸ್ತಕ ತಾಳೆಯಾಗದಿದ್ದಾಗ ‘ಇತರೆ ವೆಚ್ಚ’ ಎಂಬ ಶೀರ್ಷಿಕೆ ಬೆಳೆಯುತ್ತ ಹೋಗುತ್ತಿತ್ತು.

ಕಾಯಿಯ ಮೇಲಿನ ಕಂದು ಸಿಪ್ಪೆ ಹೆರೆಯುವ ಹೆಣ್ಣುಮಕ್ಕಳಿಗೆ ಎಣಿಕೆಯ ಮೇಲೆ ಕೂಲಿ. ಮೇಸ್ತ್ರಿ ಪುಸ್ತಕದಲ್ಲಿ ಬರೆಯುತ್ತಿದ್ದ ಎಣಿಕೆಯನ್ನು ನಂಬದ ಅವರು ಕರಟದ ಇದ್ದಲಿನಿಂದ ಗೋಡೆಯ ಮೇಲೆ ತಮ್ಮದೇ ಗೆರೆ ಹಾಕಿಕೊಳ್ಳುತ್ತಿದ್ದರು. ಬಟವಾಡೆಯ ದಿನ ಗೋಡೆಯ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ಜಗಳವಾಗಿ ಕನಿಷ್ಠ ಎರಡು ಗಂಟೆಯ ಉತ್ಪಾದನೆ ನಿಲ್ಲುತ್ತಿತ್ತು. ದಿನದ ಕೊನೆಯಲ್ಲಿ ಎರಡೂ ಕಡೆಯವರು ಒಟ್ಟಿಗೆ ಎಣಿಸಿ ಒಂದು ಚೀಟಿಗೆ ಸಹಿ ಹಾಕಿದ್ದರೆ ಐದು ನಿಮಿಷದಲ್ಲಿ ಮುಗಿಯುವ ವಿಷಯವದು.

ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದೇನಾದರೂ ಇದ್ದರೆ ಅದು ಆ ಹೆಣ್ಣುಮಕ್ಕಳಿಂದ. ಕೆಟ್ಟ ಕಾಯಿಯ ತಿರುಳನ್ನು ಗುರುತಿಸುವುದನ್ನು ಕಲಿಸಿದ ಹಿರಿಯರೊಬ್ಬರು, “ಮೂಗಿಗಿಡ್ಕಂಡು ನೋಡು ತಮ್ಮ, ಪುಸ್ತಕಕ್ಕಿಂತ ಮುಂಚೆ ಮೂಗು ಹೇಳ್ತದೆ” ಎನ್ನುತ್ತಿದ್ದರು. ಇಪ್ಪತ್ತು ವರ್ಷಗಳ ಅವರ ಈ ಜ್ಞಾನ ಸಂಸ್ಥೆಯ ಯಾವ ದಾಖಲೆಯಲ್ಲಿಯೂ ಇರಲಿಲ್ಲ. ಅದನ್ನು ಅವರಿಂದ ಕೇಳಿ ಬರೆದಿಡುವ ಯೋಚನೆಯೂ ಯಾರಿಗೂ ಬಂದಿರಲಿಲ್ಲ.

ಹಿಂದಿರುಗಿದ ಲಾರಿ

ಮೂರನೆಯ ತಿಂಗಳಲ್ಲಿ ನಡೆದ ಘಟನೆ ಪ್ರತಿಯೊಬ್ಬ ತಯಾರಕರೂ ಗಮನಿಸಬೇಕಾದುದು. ಪುಡಿಯನ್ನು 25 ಕೆ.ಜಿ. ಮೂಟೆಗಳಲ್ಲಿ ತುಂಬಿ, ಪ್ರತಿ ಮೂಟೆಯ ಮೇಲೆ ಬ್ಯಾಚ್ ಸಂಖ್ಯೆಯ ಠಸ್ಸೆ ಒತ್ತುವುದು ನಿಯಮ. ಪ್ರತಿದಿನ ಠಸ್ಸೆಯ ಅಂಕಿ ಬದಲಾಗಬೇಕು. ಬದಲಾಯಿಸುವವರು ಯಾರೆಂದು ನಿಗದಿಯಾಗದ ಕಾರಣ ಒಂದೇ ಅಂಕಿ ಎಂಟು ಹತ್ತು ದಿನ ಹಾಗೆಯೇ ಬೀಳುತ್ತಿತ್ತು. ಒಮ್ಮೆ ಎರಡು ದಿನ ಡ್ರೈಯರ್ ಸರಿಯಾಗಿ ಕಾಯಲಿಲ್ಲ. ಪುಡಿಯಲ್ಲಿ ತೇವ ಉಳಿಯಿತು. ಆ ಎರಡು ದಿನಾಂಕಗಳನ್ನೂ, ಆ ದಿನಗಳಂದು ತುಂಬಿದ ಮೂಟೆಗಳ ಸಂಖ್ಯೆಯನ್ನೂ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಕಾಲೇಜಿಗೆ ಒಪ್ಪಿಸಬೇಕಾದ ವರದಿಗಾಗಿ ದಿನಚರಿ ಇಡುವುದು ಕಡ್ಡಾಯವಾಗಿತ್ತು. ಗುಮಾಸ್ತರಿಗೂ ನಡುವಿನ ಯಜಮಾನರಿಗೂ ಅಂದೇ ತಿಳಿಸಿದೆ. ‘ಅದು ಕಿರಿಯರ ವಿಭಾಗ’ ಎಂಬ ಉತ್ತರ ಬಂತು. ಕಿರಿಯರು ಪ್ರವಾಸದಲ್ಲಿದ್ದರು.

ಐದು ವಾರಗಳ ನಂತರ ಹೊರರಾಜ್ಯದ ಖರೀದಿದಾರರು ನಾನೂರು ಮೂಟೆಗಳ ಲಾರಿಯನ್ನು ಹಿಂದಕ್ಕೆ ಕಳುಹಿಸಿದರು. ಕೆಲವು ಮೂಟೆಗಳಿಂದ ಕಮಟು ವಾಸನೆ ಬರುತ್ತಿದೆ ಎಂಬುದು ದೂರು. ಕೆಟ್ಟವು ಕೆಲವೇ ಮೂಟೆಗಳಾದರೂ ಎಲ್ಲದರ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದ್ದುದರಿಂದ ಬೇರ್ಪಡಿಸಲು ದಾರಿಯಿರಲಿಲ್ಲ. ಎರಡು ಕಡೆಯ ಬಾಡಿಗೆ, ಪ್ರತಿ ಮೂಟೆಯನ್ನು ಬಿಚ್ಚಿ ನೋಡಿದ ಕೂಲಿ, ಕಡಿಮೆ ದರಕ್ಕೆ ಮಾರಿದ ನಷ್ಟ, ಇವೆಲ್ಲವೂ ಸಂಸ್ಥೆಯ ಮೇಲೆ ಬಿದ್ದವು. ಆ ಖರೀದಿದಾರರು ಮತ್ತೆ ಆದೇಶ ನೀಡಿದ್ದನ್ನು ನಾನು ಅಲ್ಲಿದ್ದ ಅವಧಿಯಲ್ಲಿ ಕಾಣಲಿಲ್ಲ. ದಿನಾಂಕಗಳಿದ್ದ ಟಿಪ್ಪಣಿ ಪುಸ್ತಕವನ್ನು ದೊಡ್ಡ ಯಜಮಾನರ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ನೋಡಿದರು. “ಇದನ್ನ ನಂಗೆ ಯಾರೂ ಹೇಳ್ಲಿಲ್ಲವಲ್ಲಪ್ಪ” ಎಂದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಮಾಹಿತಿ ಸಂಸ್ಥೆಯೊಳಗೇ ಇತ್ತು. ಅದು ಅವರನ್ನು ತಲುಪುವ ದಾರಿ ಮಾತ್ರ ಇರಲಿಲ್ಲ.

ಕೊನೆಯ ತಿಂಗಳ ತರಬೇತಿ ಭತ್ಯೆ ನನಗೆ ಸಿಗಲಿಲ್ಲ. ಮೂವರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಕೊಟ್ಟಿದ್ದಾರೆಂದು ತಿಳಿದಿದ್ದರು. ಮುಂದಿನ ವರ್ಷ ನಮ್ಮ ಕಾಲೇಜಿನಿಂದ ಯಾರೂ ಅಲ್ಲಿಗೆ ಹೋಗಲಿಲ್ಲ. ಅಧ್ಯಾಪಕರಿಗೆ ಒಬ್ಬ ವಿದ್ಯಾರ್ಥಿಯ ವರದಿಯೇ ಸಾಕಾಯಿತು.

ನಷ್ಟದ ಲೆಕ್ಕ

ಇಂದು ಸಣ್ಣ ಘಟಕಗಳ ಲೆಕ್ಕಪತ್ರ ನೋಡುವ ವೃತ್ತಿಯಲ್ಲಿರುವ ನನಗೆ ಇಂತಹ ನಷ್ಟ ಲಾಭನಷ್ಟದ ತಃಖ್ತೆಯಲ್ಲಿ ಪ್ರತ್ಯೇಕ ಸಾಲಾಗಿ ಕಾಣುವುದಿಲ್ಲ ಎಂಬುದು ತಿಳಿದಿದೆ. ಅದು ತೂಕದ ಕೊರತೆಯಾಗಿ, ವಾಪಸಾದ ಸರಕಾಗಿ, ಬಿಟ್ಟುಹೋದ ಕೆಲಸಗಾರನಾಗಿ ಬರುತ್ತದೆ.

ಉಂಡೆ ಕೊಬ್ಬರಿಯ ದಾಸ್ತಾನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂ. ನೂರು ಕ್ವಿಂಟಾಲ್ ದಾಸ್ತಾನಿನಲ್ಲಿ ಶೇ. 2ರಷ್ಟು ಲೆಕ್ಕಕ್ಕೆ ಸಿಗದೆ ಹೋದರೆ ಆ ಬೆಲೆಯಲ್ಲಿಯೇ 24,200 ರೂ. ನಷ್ಟ. ಒಣಗಿ ತೂಕ ಇಳಿದದ್ದೆಷ್ಟು, ತೂಗುವಾಗ ತಪ್ಪಿದ್ದೆಷ್ಟು, ಬರೆಯದೆ ಹೊರಗೆ ಹೋದದ್ದೆಷ್ಟು ಎಂಬುದನ್ನು ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಮಾತ್ರ ಹೇಳಲು ಸಾಧ್ಯ. ತಿಂಗಳಿಗೆ 5,000 ರೂ. ಭತ್ಯೆಯ ಮೇಲೆ ಒಬ್ಬ ವಿದ್ಯಾರ್ಥಿಗೆ ಈ ಕೆಲಸವನ್ನು ಸರಿಯಾಗಿ ಕಲಿಸಿ ವಹಿಸಿದರೆ, ಮೇಲಿನ ಒಂದು ನಷ್ಟದ ಮೊತ್ತದಲ್ಲಿ ಅವನ ಸುಮಾರು ಐದು ತಿಂಗಳ ಭತ್ಯೆ ಹೊರಡುತ್ತದೆ. ಕಲಿಸದೆ ಗೋದಾಮಿನ ಮೂಲೆಯಲ್ಲಿ ಕೂರಿಸಿದರೆ ಭತ್ಯೆಯೂ ನಷ್ಟ, ದಾಸ್ತಾನೂ ನಷ್ಟ.

ನರಸಾಪುರದ ಪಾಠ

ಇದು ಹಳ್ಳಿ ಪಟ್ಟಣಗಳ ಕುಟುಂಬ ಸಂಸ್ಥೆಗಳಿಗೆ ಮಾತ್ರ ಅಂಟಿದ ದೋಷವೆಂದು ಯಾರೂ ತಿಳಿಯಬಾರದು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆ ನಾಡಿನ ನೆನಪಿನಲ್ಲಿದೆ. ಅಲ್ಲಿದ್ದವರಲ್ಲಿ ಬಹುತೇಕರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಯುವಜನರು. ಹೇಳಿದಷ್ಟು ವೇತನ ಬರುತ್ತಿಲ್ಲ, ಬಂದ ವೇತನವೂ ಸಕಾಲಕ್ಕೆ ಬರುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ನಂತರ ಪರಿಶೀಲನೆ ನಡೆಸಿದ ರಾಜ್ಯದ ಕಾರ್ಖಾನೆಗಳ ಇಲಾಖೆ ಕಂಡುಕೊಂಡದ್ದು ಗಮನಾರ್ಹ. ಅಲ್ಪಾವಧಿಯಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕಂತೆ ಮಾನವ ಸಂಪನ್ಮೂಲ ವಿಭಾಗ ಬೆಳೆದಿರಲಿಲ್ಲ. ಹಾಜರಾತಿ ದಾಖಲಿಸುವ ವ್ಯವಸ್ಥೆಯಲ್ಲಿಯೂ ದೋಷವಿತ್ತು.

ಕೆಲವು ಕೆಲಸಗಾರರಿಗೆ ಸರಿಯಾಗಿ ಅಥವಾ ಸಕಾಲಕ್ಕೆ ವೇತನ ಪಾವತಿಯಾಗಿರಲಿಲ್ಲವೆಂದು ಕಂಪನಿ ಒಪ್ಪಿ ಕ್ಷಮೆ ಕೋರಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ದೋಷಗಳನ್ನು ಸರಿಪಡಿಸುವವರೆಗೆ ಹೊಸ ವ್ಯವಹಾರ ನೀಡುವುದಿಲ್ಲವೆಂದು ಆ್ಯಪಲ್ ಸಂಸ್ಥೆ ತಿಳಿಸಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು.

ಗಾತ್ರದಲ್ಲಿ ಅಜಗಜಾಂತರವಿದ್ದರೂ ನರಸಾಪುರದ ಹಾಜರಾತಿ ಯಂತ್ರಕ್ಕೂ ಗೋಡೆಯ ಮೇಲಿನ ಇದ್ದಲಿನ ಗೆರೆಗೂ ಸಂಬಂಧವಿದೆ. ಮಾಡಿದ ಕೆಲಸದ ಲೆಕ್ಕವನ್ನು ಕೆಲಸ ಮಾಡಿದವನು ನಂಬದಂತಾದಾಗ ಉದ್ಯಮದ ಬುನಾದಿ ಸಡಿಲವಾಗುತ್ತದೆ. ಸಣ್ಣ ಘಟಕದಲ್ಲಿ ಅದು ಬಟವಾಡೆಯ ದಿನದ ಜಗಳವಾಗಿ ಮುಗಿಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಕಲ್ಲಿನ ಮೇಲಿನ ಹೆಸರು

ಯಾವ ಕೆಲಸ ಯಾರದು ಎಂದು ಗುರುತಿಸಿಡುವ ಶಿಸ್ತು ಪರದೇಶದಿಂದ ಬಂದ ಆಡಳಿತಶಾಸ್ತ್ರವೆಂದು ಭಾವಿಸಬೇಕಿಲ್ಲ. ಅದರ ಸಾಕ್ಷ್ಯ ನಮ್ಮ ಜಿಲ್ಲೆಯಲ್ಲಿಯೇ ಇದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ ಹಾಗೂ ಅವನ ಮಗ ಚಾವಣನ ಹೆಸರುಗಳು ಕೆತ್ತಲ್ಪಟ್ಟಿವೆ. ತಂದೆಯ ಕೆಲಸ ಯಾವುದು, ಅವನ ಕೈಕೆಳಗೆ ಬೆಳೆದ ಮಗನ ಕೆಲಸ ಯಾವುದು ಎಂದು ಇಂದಿಗೂ ಹೇಳಬಹುದು. ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿಯೂ ಶಿಲ್ಪಿಗಳ ಸಹಿಗಳಿವೆ. ಹದಿಮೂರನೆಯ ಶತಮಾನದ ಮಲ್ಲಿತಮ್ಮನ ಹೆಸರು ಅರಸೀಕೆರೆ ತಾಲ್ಲೂಕಿನ ಜಾವಗಲ್, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಹಾಗೂ ದೂರದ ಸೋಮನಾಥಪುರದ ದೇವಾಲಯಗಳಲ್ಲಿ ಸಿಗುತ್ತದೆ. ನುಗ್ಗೇಹಳ್ಳಿಯಲ್ಲಿ ಅವನೂ ಬೈಚೋಜನೂ ಒಂದೇ ದೇವಾಲಯದಲ್ಲಿ ಕೆಲಸ ಮಾಡಿದರೂ ಇಬ್ಬರ ಸಹಿಗಳೂ ಬೇರೆಬೇರೆಯಾಗಿ ಉಳಿದಿವೆ.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಸೌಂದರ್ಯದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ವ್ಯಾಪಾರಿಯ ದೃಷ್ಟಿಯಿಂದ ನೋಡುವುದಾದರೆ ಇಷ್ಟು ಸಾಕು: ಒಂಬೈನೂರು ವರ್ಷಗಳ ನಂತರವೂ ಯಾವ ಮೂರ್ತಿಯನ್ನು ಯಾರು ಕಡೆದರೆಂದು ಅಲ್ಲಿ ಹೇಳಬಹುದು. ಐದು ವಾರಗಳ ಹಿಂದಿನ ಮೂಟೆಯನ್ನು ಯಾವ ದಿನ ತುಂಬಿದರೆಂದು ನಾನಿದ್ದ ಘಟಕದಲ್ಲಿ ಹೇಳಲಾಗಲಿಲ್ಲ.

ಕಾನೂನಿನ ಚೌಕಟ್ಟು

ಕಾಲೇಜಿನ ಪಠ್ಯಕ್ರಮದ ಭಾಗವಾಗಿ ಬರುವ ಇಂಟರ್ನ್‌ಗೂ, ಅಪ್ರೆಂಟಿಸ್ ಕಾಯ್ದೆಯಡಿ ಸೇರುವ ಅಪ್ರೆಂಟಿಸ್‌ಗೂ ವ್ಯತ್ಯಾಸವಿರುವುದನ್ನು ಸದಸ್ಯರು ಗಮನಿಸಬೇಕು. ಮೊದಲನೆಯವರ ವಿಷಯದಲ್ಲಿ ಕಾಲೇಜಿನೊಡನೆ ಆಗುವ ಪತ್ರ ವ್ಯವಹಾರವೇ ಆಧಾರ. ಎರಡನೆಯವರಿಗೆ 1961ರ ಅಪ್ರೆಂಟಿಸ್ ಕಾಯ್ದೆ ಅನ್ವಯಿಸುತ್ತದೆ. ಲಿಖಿತ ಒಪ್ಪಂದ ಹಾಗೂ ಅದರ ನೋಂದಣಿ ಕಡ್ಡಾಯ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. ಆದರೂ ಕಾರ್ಖಾನೆಯಲ್ಲಿ ಅವನ ಆರೋಗ್ಯ, ಸುರಕ್ಷತೆ, ಕೆಲಸದ ಅವಧಿ ಹಾಗೂ ಗಾಯವಾದಾಗ ಪರಿಹಾರ, ಇವುಗಳ ಹೊಣೆ ಮಾಲೀಕರದು.

2019ರಲ್ಲಿ ನಿಯಮಗಳಿಗೆ ಆದ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. 4ರಿಂದ 29 ಜನರಿರುವ ಸಂಸ್ಥೆಗಳಿಗೆ ಅದು ಐಚ್ಛಿಕ. ಸಂಖ್ಯೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರ ನಡುವೆ ಇರಬೇಕು. ಕನಿಷ್ಠ ಭತ್ಯೆಯನ್ನು ವಿದ್ಯಾರ್ಹತೆಗೆ ಅನುಗುಣವಾಗಿ ತಿಂಗಳಿಗೆ 5,000 ರೂ.ನಿಂದ 9,000 ರೂ.ವರೆಗೆ ಆಗ ನಿಗದಿಪಡಿಸಲಾಯಿತು. ಇದನ್ನು ಹೆಚ್ಚಿಸಲು 2025ರಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಳಿ ಶಿಫಾರಸು ಮಾಡಿದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ದರವನ್ನು ಖಚಿತಪಡಿಸಿಕೊಳ್ಳುವುದು ಒಳಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ನಿಗದಿತ ಭತ್ಯೆಯ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂ. ಮಿತಿಗೆ ಒಳಪಟ್ಟು, ಕೇಂದ್ರ ಸರ್ಕಾರ ಭರಿಸುವ ಅವಕಾಶ ಕಲ್ಪಿಸಲಾಯಿತು.

ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳು

ಇವುಗಳಿಗೆ ದೊಡ್ಡ ಬಂಡವಾಳವಾಗಲಿ, ಹೊರಗಿನ ಸಲಹೆಗಾರರಾಗಲಿ ಬೇಕಿಲ್ಲ.

1. ಒಂದು ಪುಟದ ಪತ್ರ: ತರಬೇತಿಯ ಅವಧಿ, ಕೆಲಸದ ವೇಳೆ, ಭತ್ಯೆ, ಅದು ಸಿಗುವ ದಿನಾಂಕ, ಕಲಿಸಲಾಗುವ ವಿಷಯ, ಇಷ್ಟನ್ನು ಬರೆದು ಸಹಿ ಮಾಡಿ ಕೊಡಬೇಕು. ಇದನ್ನು ಬರೆಯಲು ಕುಳಿತಾಗಲೇ ನಮ್ಮಲ್ಲಿ ಏನೇನು ತೀರ್ಮಾನವಾಗಿಲ್ಲ ಎಂಬುದು ತಿಳಿಯುತ್ತದೆ.

2. ಒಬ್ಬರೇ ಹೊಣೆಗಾರರು: ಪಾಲುದಾರರು ಎಷ್ಟೇ ಜನರಿದ್ದರೂ ವಿದ್ಯಾರ್ಥಿ ಯಾರ ಮಾತು ಕೇಳಬೇಕು, ಯಾರಿಗೆ ವರದಿ ಒಪ್ಪಿಸಬೇಕು ಎಂಬುದು ಒಂದೇ ಹೆಸರಾಗಿರಬೇಕು. ಆ ಹೆಸರು ಇತರ ಸಿಬ್ಬಂದಿಗೂ ತಿಳಿದಿರಬೇಕು.

3. ಒಂದು ಪೂರ್ಣ ಕೆಲಸ: ದಾಸ್ತಾನಿನ ವಾರದ ತೂಕ, ಬ್ಯಾಚ್ ವಹಿ, ಬಾಕಿ ವಸೂಲಿಯ ಪಟ್ಟಿ, ಹೋಟೆಲಾದರೆ ಕೊಠಡಿ ಕಾಯ್ದಿರಿಸಿದ ದಾಖಲೆ, ಇಂತಹ ಒಂದನ್ನು ಆರಂಭದಿಂದ ಕೊನೆಯವರೆಗೆ ವಹಿಸಬೇಕು. ಹತ್ತು ಚಿಲ್ಲರೆ ಕೆಲಸಗಳಿಂದ ಅವನಿಗೂ ಲಾಭವಿಲ್ಲ, ನಮಗೂ ಇಲ್ಲ.

4. ವಾರಕ್ಕೆ ಅರ್ಧ ಗಂಟೆ: ನಿಗದಿತ ದಿನ ಅವನ ದಿನಚರಿಯನ್ನು ಮಾಲೀಕರು ಖುದ್ದಾಗಿ ಓದಬೇಕು. ‘ಈ ವಾರ ನಿನಗೆ ಅರ್ಥವಾಗದ್ದೇನು?’ ಎಂಬ ಒಂದು ಪ್ರಶ್ನೆ ಸಾಕು. ಅವನಿಗೆ ಅರ್ಥವಾಗದ್ದರಲ್ಲಿ ಅರ್ಧ ಭಾಗ ವಾಸ್ತವವಾಗಿ ನಮ್ಮ ಗೊಂದಲವೇ ಆಗಿರುತ್ತದೆ.

5. ಮನೆಯ ಗಲ್ಲಾ, ಅಂಗಡಿಯ ಗಲ್ಲಾ ಬೇರೆ: ಪಾಲುದಾರರು ತಮ್ಮ ಖರ್ಚಿಗೆ ತಿಂಗಳಿಗೊಮ್ಮೆ ನಿಗದಿತ ಮೊತ್ತ ತೆಗೆದುಕೊಂಡು ಅವರವರ ಖಾತೆಗೆ ಬರೆಯಬೇಕು. ಯಾವ ಲೆಕ್ಕವನ್ನೂ ಇದರ ಹೊರತು ಯಾರಿಗೂ ಕಲಿಸಲಾಗದು.

6. ಹಿರಿಯ ಕೆಲಸಗಾರರ ಜ್ಞಾನ: ವಿದ್ಯಾರ್ಥಿಯನ್ನು ಅನುಭವಿಗಳ ಜೊತೆ ಕೂರಿಸಿ ಅವರು ಹೇಳಿದ್ದನ್ನು ಬರೆಯಿಸಬೇಕು. ಹಿರಿಯರು ನಿವೃತ್ತರಾದ ನಂತರ ಆ ಬರಹವೇ ಸಂಸ್ಥೆಯ ಆಸ್ತಿ.

7. ಬೀಳ್ಕೊಡುವಾಗ: ಬಾಕಿ ಪೂರ್ತಿ ಚುಕ್ತಾ ಮಾಡಿ, ಪ್ರಮಾಣಪತ್ರ ಕೊಟ್ಟು, ಸಂಸ್ಥೆಯಲ್ಲಿ ಬದಲಾಗಬೇಕಾದ ಮೂರು ಅಂಶಗಳನ್ನು ಬರೆದುಕೊಡುವಂತೆ ಕೇಳಬೇಕು. ಹೊರಡುವವನಿಗೆ ಮುಚ್ಚಿಡುವ ಕಾರಣವಿರುವುದಿಲ್ಲ.

ಉಪಸಂಹಾರ

ನಮ್ಮ ಊರುಗಳ ಓದಿದ ಮಕ್ಕಳು ಬೆಂಗಳೂರಿಗೆ ರೈಲು ಹತ್ತುತ್ತಾರೆ, ಇಲ್ಲಿ ಕೆಲಸಕ್ಕೆ ಜನ ಸಿಗುವುದಿಲ್ಲ ಎಂಬ ಕೊರಗು ವ್ಯಾಪಾರಸ್ಥರ ಸಭೆಗಳಲ್ಲಿ ಸದಾ ಕೇಳಿಬರುತ್ತದೆ. ಸಂಬಳದ ಅಂತರ ಅದಕ್ಕೆ ಒಂದು ಕಾರಣ, ನಿಜ. ಆದರೆ ಊರಿನಲ್ಲಿಯೇ ಉಳಿಯುವ ಮನಸ್ಸಿದ್ದ ಹುಡುಗ ಅಥವಾ ಹುಡುಗಿ ಮೊದಲ ಬಾರಿಗೆ ಉದ್ಯಮವೊಂದನ್ನು ಒಳಗಿನಿಂದ ನೋಡುವುದು ತರಬೇತಿಯ ಅವಧಿಯಲ್ಲಿ. ಅಲ್ಲಿ ಕಂಡದ್ದರ ಮೇಲೆ ಅವರು ಉಳಿಯುವುದೋ ಹೋಗುವುದೋ ನಿರ್ಧಾರವಾಗುತ್ತದೆ. ನಾನಿದ್ದ ಘಟಕದ ಸಹೋದರರು ಕೆಲಸ ಕೊಡಲು ಸಿದ್ಧರಿದ್ದರು, ನನಗೂ ಊರು ಬಿಡುವ ಇಚ್ಛೆ ಇರಲಿಲ್ಲ. ಆದರೂ ನಾಲ್ಕು ತಿಂಗಳ ನಂತರ ಅಲ್ಲಿ ಮುಂದುವರಿಯುವ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದಿನ ಶೈಕ್ಷಣಿಕ ಅವಧಿಯಲ್ಲಿ ಕಾಲೇಜಿನ ಪತ್ರ ಹಿಡಿದು ಬಾಗಿಲಿಗೆ ಬರುವ ವಿದ್ಯಾರ್ಥಿಗೆ ಕುರ್ಚಿ ತೋರಿಸುವ ಮೊದಲು, ಅವನಿಗೆ ಕಲಿಸುವವರು ಯಾರೆಂಬುದನ್ನು ನಮ್ಮ ಸದಸ್ಯ ಬಾಂಧವರು ತೀರ್ಮಾನಿಸುವಂತಾಗಲಿ. ಆ ಒಂದು ತೀರ್ಮಾನದಿಂದ ಆರಂಭವಾಗುವ ವ್ಯವಸ್ಥೆ ವಿದ್ಯಾರ್ಥಿ ಹೊರಟುಹೋದ ನಂತರವೂ ಸಂಸ್ಥೆಯಲ್ಲಿ ಉಳಿಯುತ್ತದೆ.